ಮೂವತ್ತು ದಾಟಿದ ಮೇಲೆ ಡಚ್ ಕಲಿಯುವುದು

ನೆದರ್ಲೆಂಡ್ಸಿನ ಐಂಡ್‌ಹೋವನ್ನಿಗೆ ಬಂದು ನಾಲ್ಕು ತಿಂಗಳಾಯಿತು, ಕಚೇರಿಯಲ್ಲೂ ಅಂಗಡಿಯಲ್ಲೂ ಇಂಗ್ಲಿಷ್ ಸಾಕಾಗುತ್ತಿದೆ, ಹೀಗಿರುವಾಗ ಈ ವಯಸ್ಸಿನಲ್ಲಿ ಡಚ್ ಕಲಿತರೆ ಅದು ಎಂದಾದರೂ ನಮ್ಮದಾದೀತೇ ಎಂದು ಕೇಳಿದ್ದೀರಿ. ಇದಕ್ಕೆ ನನ್ನ ಅನುಭವಕ್ಕಿಂತ, ಡಚ್ಚಿನಲ್ಲಿ ಬರೆಯುವ ಇರಾನ್ ಮೂಲದ ಲೇಖಕ ಕಾದೆರ್ ಅಬ್ದೊಲಾ ಅವರ ಬದುಕೇ ಒಳ್ಳೆಯ ಉತ್ತರ.

1954ರಲ್ಲಿ ಇರಾನಿನ ಅರಾಕ್‌ನಲ್ಲಿ ಹುಟ್ಟಿ, ತೆಹರಾನಿನಲ್ಲಿ ಭೌತಶಾಸ್ತ್ರ ಓದಿ, ಎಡಪಂಥೀಯ ಭೂಗತ ಚಳವಳಿಯಲ್ಲಿದ್ದ ಅವರು 1985ರಲ್ಲಿ ದೇಶ ಬಿಟ್ಟು, 1988ರಲ್ಲಿ ನಿರಾಶ್ರಿತರಾಗಿ ನೆದರ್ಲೆಂಡ್ಸ್ ತಲುಪಿದರು. ಕಾದೆರ್ ಅಬ್ದೊಲಾ ಎಂಬುದು ಮನೆಯಲ್ಲಿಟ್ಟ ಹೆಸರಲ್ಲ. ಮರಣದಂಡನೆಗೆ ಗುರಿಯಾದ ಇಬ್ಬರು ಗೆಳೆಯರ ಹೆಸರುಗಳನ್ನು ಜೋಡಿಸಿಕೊಂಡ ಕಾವ್ಯನಾಮ. ಜ್ವೊಲೆ ಪಟ್ಟಣದಲ್ಲಿ ನೆಲೆಸಿ ಅವರು ಡಚ್ ಕಲಿತದ್ದು 'ಯಿಪ್ ಎನ್ ಯಾನೆಕೆ'ಯಂಥ ಪುಟ್ಟ ಮಕ್ಕಳ ಪುಸ್ತಕಗಳಿಂದ. ಬಂದ ಐದೇ ವರ್ಷಕ್ಕೆ, 1993ರಲ್ಲಿ, ಅವರ ಮೊದಲ ಡಚ್ ಕಥಾಸಂಕಲನ ಪ್ರಕಟವಾಯಿತು. ಮಾಸ್ತಿ, ಬೇಂದ್ರೆಯವರನ್ನು ಓದಿ ಬೆಳೆದ ನಮಗೆ ಮನೆಮಾತಲ್ಲದ ಭಾಷೆಯಲ್ಲಿ ಬರೆಯುವುದು ಹೊಸದಲ್ಲ ನಿಜ, ಆದರೆ ಅವರಿಬ್ಬರ ಕಿವಿಗೆ ಕನ್ನಡ ಬಾಲ್ಯದಿಂದಲೇ ಬಿದ್ದಿತ್ತು. ಇವರಿಗೆ ಡಚ್ ಕೇಳಿಸಿದ್ದೇ ಮೂವತ್ತರ ನಂತರ.

ನನ್ನನ್ನು ಹೆಚ್ಚು ಕಾಡಿದ್ದು 2000ದಲ್ಲಿ ಬಂದ ಅವರ 'ಸ್ಪೈಕರ್‌ಸ್ಕ್ರಿಫ್ಟ್' ಕಾದಂಬರಿ. ಹೆಸರಿನ ಅರ್ಥ ಬೆಣೆಲಿಪಿ, ಅಂದರೆ ಬೆಣೆಯಾಕಾರದ ಗುರುತುಗಳಿಂದ ಬರೆಯುತ್ತಿದ್ದ ಹಳೆಯ ಲಿಪಿ. ಕಿವುಡನೂ ಮೂಗನೂ ಆದ ಆಗಾ ಅಕ್ಬರ್ ಪ್ರಾಚೀನ ಬೆಣೆಲಿಪಿಯನ್ನು ಹೋಲುವ, ತನಗೆ ಮಾತ್ರ ತಿಳಿಯುವ ಅಕ್ಷರಗಳಲ್ಲಿ ಟಿಪ್ಪಣಿ ಬರೆದಿಟ್ಟಿರುತ್ತಾನೆ. ನೆದರ್ಲೆಂಡ್ಸ್ ಸೇರಿದ ಮಗ ಇಸ್ಮಾಯಿಲ್ ಅದನ್ನು ಬಿಡಿಸಿ ಡಚ್ಚಿನಲ್ಲಿ ಬರೆಯಲು ಕೂರುತ್ತಾನೆ. ಲೇಖಕರ ತಂದೆಗೂ ಕಿವಿ, ಮಾತು ಇರಲಿಲ್ಲ. ಅಂದರೆ ಅವರು ಡಚ್ಚರಂತೆ ಆಗಲೆಂದು ಡಚ್ ಕಲಿಯಲಿಲ್ಲ, ತಮ್ಮ ಅಪ್ಪನ ಮನೆಯನ್ನು ಆ ಭಾಷೆಯೊಳಕ್ಕೆ ತಂದಿಟ್ಟರು. ಅಂಥದೇ ಮನೆತನದ ಕಥೆ ಹೇಳುವ, 2005ರ 'ಮಸೀದಿಯ ಮನೆ' ಕಾದಂಬರಿಯನ್ನು 2007ರ ಮತದಾನದಲ್ಲಿ ಓದುಗರು ಡಚ್ಚಿನ ಅತ್ಯುತ್ತಮ ಕಾದಂಬರಿಗಳಲ್ಲಿ ಎರಡನೆಯದೆಂದು ಆರಿಸಿದರು. ಇವೆಲ್ಲವನ್ನೂ ಅವರು ಬರೆದದ್ದು ಪುಟ್ಟ ಪುಟ್ಟ, ಸರಳ ವಾಕ್ಯಗಳಲ್ಲಿ.

ಹಿಂದಿರುಗುವ ದಾರಿ ಮುಚ್ಚಿದ್ದ ಅವರ ಒತ್ತಡ, ವರ್ಷಕ್ಕೊಮ್ಮೆ ಬೆಂಗಳೂರಿಗೆ ಟಿಕೆಟ್ ತೆಗೆಯುವ ನಮಗಿಲ್ಲ. ನಮ್ಮ ಡಚ್ ಅರ್ಧಕ್ಕೇ ನಿಲ್ಲುವುದು ಅದಕ್ಕೇ ಇರಬೇಕು. ನಾನೂ ಮೊದಲ ಆರು ವರ್ಷಗಳನ್ನು ಇಂಗ್ಲಿಷಿನಲ್ಲೇ ಕಳೆದೆ. ಮಗಳ ಶಾಲೆಯಲ್ಲಿ ಪೋಷಕರೆಲ್ಲ ನಕ್ಕಾಗ ಏಕೆಂದು ತಿಳಿಯದೆ ನಾನೂ ನಕ್ಕ ದಿನ ಪಾಠಕ್ಕೆ ಸೇರಿದೆ. ಡಚ್ಚಿನ ಉಪವಾಕ್ಯಗಳಲ್ಲಿ ಕ್ರಿಯಾಪದ ನಮ್ಮಂತೆಯೇ ಕೊನೆಗೆ ಬರುತ್ತದೆ: 'ಓಮ್‌ದಾಟ್ ಇಕ್ ಇನ್ ಜ್ವೊಲೆ ವೋನ್' ಎಂಬಲ್ಲಿ 'ಏಕೆಂದರೆ' ಬಿಟ್ಟರೆ ಉಳಿದದ್ದು 'ನಾನು ಜ್ವೊಲೆಯಲ್ಲಿ ವಾಸಿಸುತ್ತೇನೆ' ಎಂಬುದರ ಕ್ರಮವೇ. ಇಂಗ್ಲಿಷಿನ ಮೂಲಕ ಕಲಿಯುವವರು ಎಡವುವ ಈ ಜಾಗದಲ್ಲಿ ಕನ್ನಡಿಗರಿಗೆ ಸಲೀಸು. ನೀವು ಬಾಯಿ ತೆರೆದೊಡನೆ ಎದುರಿನವರು ಇಂಗ್ಲಿಷಿಗೆ ಹೊರಳುತ್ತಾರೆ; ಅದು ಅವಮಾನವಲ್ಲ, ಅವರ ಸೌಜನ್ಯ; ನೀವು ಡಚ್ಚನ್ನೇ ಮುಂದುವರಿಸಿ.

ಈ ಶನಿವಾರ ನಿಮ್ಮೂರಿನ ಗ್ರಂಥಾಲಯದ ಮಕ್ಕಳ ವಿಭಾಗಕ್ಕೆ ಹೋಗಿ. ಪುಸ್ತಕ ಯಾವ ಮಗುವಿಗೆ ಎಂದು ಅಲ್ಲಿಯವರು ಕೇಳಿದರೆ ಸಂಕೋಚಪಡದೆ ನಿಮ್ಮ ಹೆಸರನ್ನೇ ಹೇಳಿ.