ಇದು ಕಥೆಯಲ್ಲ, ಡೈರಿ

ಅವರು ನನ್ನ ಹತ್ತಿರ ಬಂದಿದ್ದು ನಿದ್ದೆ ಬರಲ್ಲ ಅಂತ. ಬರವಣಿಗೆಯ ವಿಷಯ ಬಾಯಿಗೆ ಬಂದಿದ್ದೇ ಎರಡನೇ ಭೇಟಿಯ ಕೊನೆಯಲ್ಲಿ, ಅದೂ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಎದ್ದು ನಿಂತ ಮೇಲೆ. ಆಪ್ತಸಮಾಲೋಚನೆಯ ನಮ್ಮ ಕೆಲಸದಲ್ಲಿ ಇದು ಹೊಸದೇನಲ್ಲ, ಮುಖ್ಯವಾದ ಮಾತು ಬಾಗಿಲ ಹತ್ತಿರವೇ ಹೊರಗೆ ಬರುತ್ತದೆ.

ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ವಯಸ್ಸು ನಲವತ್ತರ ಆಸುಪಾಸು. ಕೆಂಗೇರಿ ಕಡೆ ಮನೆ, ಎಂ.ಜಿ. ರಸ್ತೆ ಹತ್ತಿರ ಲೆಕ್ಕಪತ್ರದ ಕೆಲಸ, ಪಿಯುಸಿ ಓದುವ ಮಗಳು. ನೇರಳೆ ಮಾರ್ಗದ ಮೆಟ್ರೋದಲ್ಲಿ ಸೀಟು ಸಿಕ್ಕ ದಿನ ಫೋನಿನಲ್ಲೇ ಕಥೆ ಟೈಪ್ ಮಾಡುತ್ತಿದ್ದರು. ಸಿಗದ ದಿನ ಕಂಬಕ್ಕೆ ಒರಗಿ ನಿಂತು, ಒಂದೇ ಕೈಯಲ್ಲಿ.

ಒಂದೂವರೆ ವರ್ಷದ ಹಿಂದೆ ಗೆಳತಿಯೊಬ್ಬರು ಅವರನ್ನು ಬರಹಗಾರರ ವಾಟ್ಸಾಪ್ ಬಳಗಕ್ಕೆ ಸೇರಿಸಿದರು. ಇನ್ನೂರು ಚಿಲ್ಲರೆ ಜನ. ಈಗಷ್ಟೇ ಬರೆಯಲು ಶುರು ಮಾಡಿದವರಿಂದ ಹಿಡಿದು ನಾಲ್ಕಾರು ಪುಸ್ತಕ ಮಾಡಿದವರು, ಪತ್ರಿಕೆಯಲ್ಲಿದ್ದು ನಿವೃತ್ತರಾದವರು, ಎಲ್ಲರೂ ಇದ್ದರು. ಸೋಮವಾರ ಒಂದು ಚಿತ್ರ ಹಾಕುತ್ತಾರೆ, ಶನಿವಾರದೊಳಗೆ ಅದಕ್ಕೊಂದು ಕಥೆ ಬರೆಯಬೇಕು. ಮೊದಲ ಕಥೆಗೇ ನಲವತ್ತು ಪ್ರತಿಕ್ರಿಯೆ. ‘ಸೂಪರ್ ಮೇಡಂ’, ‘ಕಣ್ಣು ತುಂಬಿ ಬಂತು’, ಕೈಮುಗಿದ ಚಿತ್ರ, ಗುಲಾಬಿ ಹೂವು. ನಗಬೇಡಿ. ಮನೆಯಲ್ಲಿ ‘ಸಾರಿಗೆ ಉಪ್ಪು ಕಮ್ಮಿ’ ಬಿಟ್ಟರೆ ಬೇರೆ ವಿಮರ್ಶೆ ಕೇಳದವರಿಗೆ ಆ ಗುಲಾಬಿ ಹೂವು ಏನು ಅಂತ ನನಗೆ ಚೆನ್ನಾಗಿ ಗೊತ್ತು.

ಒಂದು ವರ್ಷ ಹೀಗೇ ಹೋಯಿತು. ಒಂದು ವಾರ ಹಳೇ ಕುರ್ಚಿಯ ಚಿತ್ರ ಬಂತು. ಅವರು ತೀರಿಕೊಂಡ ಅಪ್ಪನ ಬಗ್ಗೆ ಬರೆದರು. ಬಳಗದ ಹಿರಿಯರೊಬ್ಬರು ಎಲ್ಲರೆದುರು ಒಂದೇ ಸಾಲು ಹಾಕಿದರು: ‘ಇದು ಕಥೆಯಲ್ಲ, ಡೈರಿ.’ ಅದಕ್ಕೆ ಹದಿನೇಳು ಜನ ಹೆಬ್ಬೆರಳು ಒತ್ತಿದ್ದರು. ಹಿಂದೆ ಕಣ್ಣು ತುಂಬಿಕೊಂಡವರೂ ಅದರಲ್ಲಿದ್ದರು. ಆ ಹದಿನೇಳು ಹೆಸರು ಇವರಿಗೆ ಬಾಯಿಪಾಠ.

ಅಲ್ಲಿಂದ ರಾತ್ರಿ ಎರಡಕ್ಕೆ ಎಚ್ಚರ. ದಿಂಬಿನ ಕೆಳಗಿನ ಫೋನ್ ತೆಗೆದು, ಹದಿನೆಂಟಾಯಿತಾ ಅಂತ ನೋಡುವುದು. ಎರಡು ತಿಂಗಳು. ಬರೆಯುವುದು ಪೂರ್ತಿ ನಿಂತಿತ್ತು, ಆಫೀಸಿನ ಲೆಕ್ಕದಲ್ಲೂ ತಪ್ಪುಗಳು ಶುರುವಾಗಿದ್ದವು. ಗಂಡ ‘ಆ ಗ್ರೂಪ್ ಬಿಟ್ಟುಬಿಡೇ, ಯಾರಿಗೆ ಬೇಕು ಇದೆಲ್ಲ’ ಅಂದಿದ್ದರಂತೆ.

ಸಾಯುವ ಯೋಚನೆ ಬರುತ್ತಾ ಅಂತ ನೇರವಾಗಿಯೇ ಕೇಳಿದೆ. ನಾನು ಎಲ್ಲರನ್ನೂ ಕೇಳುತ್ತೇನೆ, ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ. ಇಲ್ಲ ಅಂದರು. ಇದನ್ನು ಓದುತ್ತಿರುವವರಲ್ಲಿ ಯಾರಿಗಾದರೂ ಹೌದು ಅನ್ನಿಸಿದರೆ, ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಈಗಲೇ ಫೋನ್ ಮಾಡಿ. ದುಡ್ಡಿಲ್ಲ, ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ಈಗ ನನ್ನ ತಪ್ಪು. ನಾನೂ ಗಂಡ ಹೇಳಿದ್ದನ್ನೇ ಹೇಳಿದೆ, ಸ್ವಲ್ಪ ನಯವಾಗಿ. ‘ಸದ್ಯಕ್ಕೆ ಆ ಬಳಗದಿಂದ ಹೊರಗೆ ಬನ್ನಿ, ಮನಸ್ಸು ಸುಧಾರಿಸಿದ ಮೇಲೆ ನೋಡೋಣ.’ ಅವರು ಅವತ್ತು ರಾತ್ರಿಯೇ ಹೊರಗೆ ಬಂದರು. ಎರಡು ವಾರ ಬಿಟ್ಟು ನನ್ನೆದುರು ಕೂತಾಗ ಮುಖ ಇನ್ನೂ ಬಾಡಿತ್ತು. ‘ಮೇಡಂ, ಅಲ್ಲೊಂದು ಕಡೆ ನನ್ನನ್ನ ಬರಹಗಾರ್ತಿ ಅಂತಿದ್ರು. ಈಗ ಯಾರೂ ಅನ್ನಲ್ಲ’ ಅಂದರು. ಏಟು ಬಿದ್ದ ಜಾಗದಿಂದ ದೂರ ಮಾಡಲು ಹೋಗಿ ಅವರಿಗಿದ್ದ ಒಂದೇ ಜಗಲಿಯನ್ನೂ ನಾನೇ ಕಿತ್ತಿದ್ದೆ. ಕ್ಷಮೆ ಕೇಳಿದೆ. ಮುಂದಿನ ಸಲ ಬರುವಾಗ ಆ ಕಥೆ ತನ್ನಿ ಅಂದೆ.

ತಂದರು, ಓದಿದರು. ಅಪ್ಪ ಚಿಕ್ಕಪೇಟೆಯ ಒಂದು ಸಣ್ಣ ಅಚ್ಚುಕೂಟದಲ್ಲಿ ಕಂಪೋಸಿಟರ್ ಆಗಿದ್ದವರು. ಗೂಡು ಗೂಡಿನಿಂದ ಅಚ್ಚುಮೊಳೆ ಹೆಕ್ಕಿ ಸಾಲು ಜೋಡಿಸುವ ಕೆಲಸ. ಮೊಳೆಯಲ್ಲಿ ಅಕ್ಷರ ಉಲ್ಟಾ ಇರುತ್ತದಲ್ಲ, ಅವರು ಅದನ್ನು ಹಾಗೇ ಸರಾಗವಾಗಿ ಓದುತ್ತಿದ್ದರಂತೆ. ಕೊನೆಯ ವಾರ ಆಸ್ಪತ್ರೆಯಲ್ಲಿ ಮಾತು ನಿಂತಿತ್ತು, ಬಲಗೈ ಬೆರಳು ಮಾತ್ರ ಹೊದಿಕೆಯ ಮೇಲೆ ಏನನ್ನೋ ಹೆಕ್ಕುತ್ತಿತ್ತು, ಎಡಗೈಗೆ ಹಾಕುತ್ತಿತ್ತು, ಮತ್ತೆ ಹೆಕ್ಕುತ್ತಿತ್ತು. ಅಷ್ಟು ಓದಿ ಅವರಿಗೆ ಗಂಟಲು ಕಟ್ಟಿತು. ನನಗೂ. ಅದಾದ ಮೇಲೆ ಮೂರು ಪ್ಯಾರಾ ಇತ್ತು, ಅಪ್ಪ ಎಂಥ ತ್ಯಾಗಿ, ತಾನು ಎಷ್ಟು ಋಣಿ, ದೇವರು ಯಾಕೆ ಹೀಗೆ ಮಾಡಿದ ಅಂತ.

ಕೇಳುತ್ತಾ ಹೋದೆ. ಹದಿಮೂರು ದಿನವೂ ಅಡುಗೆಯವರು, ಪುರೋಹಿತರು, ಖರ್ಚಿನ ಲೆಕ್ಕ ಎಲ್ಲ ನೋಡಿಕೊಂಡವರು ಇವರೇ. ಅಳುವುದಕ್ಕೆ ಪುರುಸೊತ್ತೇ ಆಗಿರಲಿಲ್ಲ. ಮೂರು ವರ್ಷ ಬಿಟ್ಟು ಒಂದು ಕುರ್ಚಿಯ ಚಿತ್ರ ಬಂದಾಗ ಅತ್ತಿದ್ದು, ಅದೂ ಇನ್ನೂರು ಜನರೆದುರು, ಅದನ್ನೊಬ್ಬರು ಕಥೆ ಅಂದುಕೊಂಡು ತೂಗಿ ನೋಡಿದರು. ಅವರದೂ ಪೂರ್ತಿ ತಪ್ಪು ಅನ್ನಲಾರೆ. ಅವರ ಕೈಗೆ ಕೊಟ್ಟಿದ್ದು ಕಥೆ ಅಂತಲೇ ಅಲ್ವಾ? ಎಲ್ಲರೆದುರು ಒಂದೇ ಸಾಲಿನಲ್ಲಿ ಹೇಳಿದ್ದು ಮಾತ್ರ ಒರಟುತನ.

ಹಾಗಾಗಿ ಎರಡನ್ನೂ ಬೇರೆ ಮಾಡೋಣ ಅಂದೆ. ಮೊದಲು ಡೈರಿಯೇ ಬರೆಯಿರಿ, ನಿಜವಾದ ಡೈರಿ. 1986ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಮತ್ತು ಅವರ ಸಂಗಡಿಗರಾದ ಸಾಂಡ್ರಾ ಬೀಲ್ ಕಾಲೇಜು ವಿದ್ಯಾರ್ಥಿಗಳಿಂದ ನಾಲ್ಕು ದಿನ, ದಿನಕ್ಕೆ 15 ನಿಮಿಷ, ತಮಗಾದ ದೊಡ್ಡ ನೋವಿನ ಬಗ್ಗೆ ಬರೆಸಿದ್ದರು. ಬರೆದ ಕೂಡಲೇ ಅವರ ಮನಸ್ಸು ಇನ್ನೂ ಕುಗ್ಗಿತ್ತು. ಆದರೆ ನಡೆದದ್ದನ್ನೂ ಆಗ ಅನ್ನಿಸಿದ್ದನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಕಾಲೇಜಿನ ಆರೋಗ್ಯ ಕೇಂದ್ರಕ್ಕೆ ಹೋಗಿದ್ದು ಕಡಿಮೆ. ಆಮೇಲಿನ ಅಧ್ಯಯನಗಳಲ್ಲಿ ಕಂಡ ಪರಿಣಾಮ ಸಣ್ಣದೇ, ಹಾಗಾಗಿ ನಾನು ಇದನ್ನು ಮಂತ್ರದಂತೆ ಹಂಚುವುದಿಲ್ಲ. ಇವರಿಗೆ ಹೊಂದುತ್ತದೆ ಅನ್ನಿಸಿತು. ಫೋನಿನಲ್ಲಿ ಬೇಡ, ಕಾಗದದ ಮೇಲೆ, ಯಾರಿಗೂ ತೋರಿಸುವುದು ಬೇಡ, ನನಗೂ ಬೇಡ ಅಂದೆ. ಮೂರನೇ ದಿನ ತುಂಬಾ ಕಷ್ಟವಾಯಿತಂತೆ. ನಾಲ್ಕನೇ ದಿನ ಬರೆಯುತ್ತಾ ಅಪ್ಪನ ಮೇಲೆ ಸಿಟ್ಟು ಬಂತಂತೆ. ಯಾಕೆ ಅಂತ ನಾನು ಕೇಳಲಿಲ್ಲ.

ನಿದ್ದೆಗೆ ಹೇಳಿದ್ದು ಸಾದಾ ಸಲಹೆ. ಫೋನ್ ರಾತ್ರಿ ಅಡುಗೆಮನೆಯಲ್ಲಿ ಚಾರ್ಜ್ ಆಗಲಿ. ಎಚ್ಚರವಾಗಿ ಹೊರಳಾಡುತ್ತಿದ್ದರೆ ಹಾಸಿಗೆ ಬಿಟ್ಟು ಎದ್ದು ಕೂತು, ನಿದ್ದೆ ಎಳೆದಾಗ ಮತ್ತೆ ಮಲಗಿ. ಅಲಾರಾಂಗೆ ಫೋನ್ ಬೇಕಲ್ಲ ಮೇಡಂ ಅಂದರು. ಗಡಿಯಾರ ತಗೊಳ್ಳಿ ಅಂದೆ, ತಗೊಂಡರು.

ಮತ್ತೆ ಬಳಗಕ್ಕೆ ಸೇರಬೇಕಾ ಅನ್ನುವುದು ದೊಡ್ಡ ಪ್ರಶ್ನೆಯಾಯಿತು. ಬಿಟ್ಟು ಹೋದವಳು ಅಂತ ನಗುತ್ತಾರೆ ಅನ್ನುವ ಭಯ. ಅಡ್ಮಿನ್‌ಗೆ ಮೆಸೇಜ್ ಮಾಡಿದರೆ, ಬಿಟ್ಟು ಹೋಗಿದ್ದನ್ನೇ ಅವರು ಗಮನಿಸಿರಲಿಲ್ಲ! ಇದು ಸಮಾಧಾನವೋ ಅವಮಾನವೋ ಅಂತ ಇಬ್ಬರೂ ಸ್ವಲ್ಪ ಹೊತ್ತು ನಕ್ಕೆವು. ಸೇರುವ ಮುಂಚೆ ಕೆಲವು ಮಾತು ಆಡಿಕೊಂಡಿದ್ದೆವು. ಬಳಗ ಸದ್ದಿಲ್ಲದ ಹಾಗೆ ಇರಲಿ, ನೋಡುವುದು ಸಂಜೆ ಮೆಟ್ರೋದಲ್ಲಿ ಮಾತ್ರ. ಓದುವಾಗ ಈಗಲೂ ಗಂಟಲು ಕಟ್ಟುವುದನ್ನು ಅಲ್ಲಿ ಹಾಕುವುದು ಬೇಡ, ಅದಿನ್ನೂ ಆರಿಲ್ಲ. ಹಾಕುವಾಗ ‘ಹೇಗಿದೆ’ ಅಂತ ಕೇಳಬೇಡಿ, ‘ಅತ್ತೆಯ ಸಿಟ್ಟು ನಂಬುವ ಹಾಗಿದೆಯಾ’ ಅಂತ ಒಂದೇ ಒಂದು ಪ್ರಶ್ನೆ ಜೊತೆಗಿಡಿ. ‘ಹೇಗಿದೆ’ ಅಂದರೆ ಗುಲಾಬಿ ಹೂವೇ ಬರುತ್ತದೆ, ಇಲ್ಲಾ ಏಟು ಬರುತ್ತದೆ. ಇನ್ನೊಂದು, ಇನ್ನೂರು ಜನರಲ್ಲಿ ಇಬ್ಬರನ್ನು ಹುಡುಕಿ. ಅದಕ್ಕೆ ಮೊದಲು ನೀವು ಅವರ ಕಥೆ ಓದಿ ಎರಡು ಸಾಲು ಗಂಭೀರವಾಗಿ ಬರೆಯಿರಿ, ಸೂಪರ್ ಅಲ್ಲ.

ಇಬ್ಬರು ಸಿಕ್ಕಿದರು. ನಿವೃತ್ತ ಮೇಷ್ಟ್ರೊಬ್ಬರು, ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗನೊಬ್ಬ. ತಿಂಗಳಿಗೊಂದು ಭಾನುವಾರ ಗಾಂಧಿ ಬಜಾರಿನ ದರ್ಶಿನಿಯಲ್ಲಿ ಕಾಫಿ ಹಿಡಿದು ನಿಂತುಕೊಂಡೇ ಕಥೆ ಓದುತ್ತಾರೆ. ಮೇಷ್ಟ್ರು ಪೆನ್ಸಿಲ್ ತರುತ್ತಾರಂತೆ.

ನಡುವೆ ಇನ್ನೊಂದು ವಿಷಯ ಬಂತು. ಬಳಗದಲ್ಲೊಬ್ಬರು ಕಥಾಸಂಕಲನ ಮಾಡುತ್ತೇವೆ, ತಲಾ 2,500 ರೂಪಾಯಿ ಕೊಡಿ, ಐಎಸ್‌ಬಿಎನ್ ಖರ್ಚೂ ಸೇರಿದೆ ಅಂದರಂತೆ. ಐಎಸ್‌ಬಿಎನ್ ಅಂದರೆ ಪುಸ್ತಕದ ಗುರುತಿನ ಸಂಖ್ಯೆ, ಭಾರತದಲ್ಲಿ ಅದಕ್ಕೆ ಶುಲ್ಕವಿಲ್ಲ. ಕಥೆಯ ಹಕ್ಕು ಬರೆದುಕೊಡುವುದಾದರೆ ಲಿಖಿತ ಒಪ್ಪಂದ ಬೇಕು, ಎಷ್ಟು ವರ್ಷಕ್ಕೆ ಅಂತ ಅದರಲ್ಲಿ ಇಲ್ಲದಿದ್ದರೆ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಅದು 5 ವರ್ಷಕ್ಕೆ ಮಾತ್ರ. ನಾನು ವಕೀಲೆಯಲ್ಲ, ಬರೆಯುವವರೆಲ್ಲ ತಿಳಿದಿರಬೇಕಾದ್ದು ಅಂತ ಹೇಳಿದೆ ಅಷ್ಟೇ. ಬೇಡ ಅನ್ನುವುದು ಹೇಗೆ ಅನ್ನುವುದು ಮಾತ್ರ ನನ್ನ ಇಲಾಖೆ. ನನ್ನ ಕೋಣೆಯಲ್ಲೇ ನಾಲ್ಕು ಸಲ ಹೇಳಿಸಿದೆ: ‘ಈ ಸಲ ನನಗೆ ಆಗಲ್ಲ ಸರ್.’ ಕಾರಣ ಕೊಡಬೇಡಿ ಅಂದೆ, ಕೊಟ್ಟರೆ ಅದಕ್ಕೊಂದು ಪರಿಹಾರ ಹಿಡಿದುಕೊಂಡು ಬರುತ್ತಾರೆ.

ಎಂಟನೇ ಭೇಟಿಯಲ್ಲಿ ಆ ಹಿರಿಯರ ಮಾತು ಮತ್ತೆ ಬಂತು. ಅವರನ್ನೇ ಕೇಳಬಹುದಲ್ಲ, ಬಳಗದಲ್ಲಿ ಬೇಡ, ಅವರೊಬ್ಬರಿಗೇ ಅಂದೆ. ಕೈ ನಡುಗುತ್ತಾ ಟೈಪ್ ಮಾಡಿದರು: ‘ಸರ್, ನನ್ನ ಕಥೆ ಯಾವ ಸಾಲಿನಿಂದ ಡೈರಿ ಆಯಿತು ಅಂತ ಹೇಳ್ತೀರಾ?’ ನೀಲಿ ಗೆರೆ ಬಿತ್ತು, ಉತ್ತರ ಬರಲಿಲ್ಲ. ಒಂಬತ್ತು ದಿನ. ಆ ಒಂಬತ್ತೂ ರಾತ್ರಿ ಫೋನ್ ಅಡುಗೆಮನೆಯಲ್ಲೇ ಇತ್ತು. ಒಂದು ರಾತ್ರಿ ಬಿಟ್ಟರೆ ನಿದ್ದೆಯೂ ಬಂತು ಅಂದರು.

ಹತ್ತನೇ ದಿನ ಉತ್ತರ ಬಂತು: ‘ಬೆರಳು ಹೆಕ್ಕುವ ಸಾಲಾದ ಮೇಲೆ. ಅಲ್ಲಿಗೇ ನಿಲ್ಲಿಸಿ.’

ಅವರು ಬ್ಯಾಗಿನಿಂದ ಕಾಗದ ತೆಗೆದು ತೋರಿಸಿದರು. ಕೊನೆಯ ಮೂರೂ ಪ್ಯಾರಾಗಳ ಮೇಲೆ ಮೇಷ್ಟ್ರ ಪೆನ್ಸಿಲ್ ಗೆರೆ ಆಗಲೇ ಬಿದ್ದಿತ್ತು.