ತೂತು ಹೊಲಿಯಬೇಡಿ, ರಫು ಮಾಡಿ

ಚಳಿ ಶುರುವಾಯಿತೆಂದರೆ ಒಂದೇ ಪ್ರಶ್ನೆ ಹತ್ತು ಬಗೆಯಲ್ಲಿ ಬರುತ್ತದೆ. ಈ ಸಲ ಅದಕ್ಕೇ ಹೆಚ್ಚು ಜಾಗ. ಸೂಜಿ ಹಿಡಿಯಲು ಬರುತ್ತದೆ ಎಂದುಕೊಂಡೇ ಬರೆಯುತ್ತಿದ್ದೇನೆ.

ಪ್ರಶ್ನೆ: ಅತ್ತೆ ಕೈಯಾರೆ ಹೆಣೆದುಕೊಟ್ಟ ಉಣ್ಣೆ ಕಾಲುಚೀಲದ ಹಿಮ್ಮಡಿ ತೂತಾಗಿದೆ. ಎರಡು ಸಲ ಹೊಲಿದೆ, ಹೊಲಿಗೆಯ ಪಕ್ಕದಲ್ಲೇ ಮತ್ತೆ ಹರಿಯುತ್ತದೆ. ದಾರ ಸರಿಯಿಲ್ಲವೇ?

ಉತ್ತರ: ದಾರವನ್ನು ಆಮೇಲೆ ಬೈಯೋಣ. ಹರಿದ ಅಂಚುಗಳನ್ನು ಎಳೆದು ಕೂಡಿಸಿ ಹೊಲಿದಿದ್ದೀರಿ, ಅಲ್ಲವೇ? ಹೆಣಿಗೆ ಹಿಗ್ಗುತ್ತದೆ, ಹೊಲಿಗೆಯ ಗೆರೆ ಹಿಗ್ಗುವುದಿಲ್ಲ. ಹೆಜ್ಜೆ ಇಟ್ಟಾಗಿನ ಎಳೆತವೆಲ್ಲ ಪಕ್ಕದ ಕುಣಿಕೆಗಳ ಮೇಲೆ ಬೀಳುತ್ತದೆ. ಅವೋ ಮೊದಲೇ ಸವೆದಿರುತ್ತವೆ.

ಕಾಲುಚೀಲದೊಳಗೆ ಕೈ ತೂರಿಸಿ ಕಿಟಕಿಯ ಬೆಳಕಿಗೆ ಹಿಡಿಯಿರಿ. ತೂತಿನ ಸುತ್ತ ಜುಂಗೆಲ್ಲ ಉದುರಿ ಜಾಳುಜಾಳಾದ ಜಾಗ ಕಾಣುತ್ತದೆ. ಕಾಲುಚೀಲಕ್ಕೆಂದೇ ಮಾಡಿದ ನೂಲಿನಲ್ಲಿ ಸಾಮಾನ್ಯವಾಗಿ ಮುಕ್ಕಾಲು ಪಾಲು ಉಣ್ಣೆ, ಕಾಲು ಪಾಲು ನೈಲಾನ್. ಉಣ್ಣೆ ಮೊದಲು ಸವೆದು ಹೋಗಿ, ಅಲ್ಲಿ ನೈಲಾನ್ ಎಳೆ ಮಾತ್ರ ಉಳಿದಿರುತ್ತದೆ. ರಫು, ಅಂದರೆ ಅಂಚು ಕೂಡಿಸದೆ ತೂತಿನ ಮೇಲೆ ನೂಲಿನಿಂದಲೇ ಬಟ್ಟೆ ನೇಯುವುದು, ಈ ಜಾಳು ಜಾಗವನ್ನೂ ದಾಟಿ, ಒಂದು ಸೆಂಟಿಮೀಟರ್ ಆಚೆಯ ಗಟ್ಟಿ ಹೆಣಿಗೆಯಿಂದ ಶುರುವಾಗಬೇಕು. ತೂತಿನ ಅಂಚಿನಲ್ಲೇ ಶುರುಮಾಡಿದರೆ ಕೆಲವೇ ದಿನದಲ್ಲಿ ರಫು ಗಟ್ಟಿಯಾಗಿಯೇ ಇರುತ್ತದೆ, ಅದರ ಸುತ್ತಲಿನದು ಕಿತ್ತು ಬರುತ್ತದೆ.

ಬೇಕಾದದ್ದು: ಮೊಂಡು ತುದಿಯ, ದೊಡ್ಡ ಕಣ್ಣಿನ ಸೂಜಿ, ಮೂಲ ನೂಲಿನಷ್ಟೇ ದಪ್ಪದ, ಇಲ್ಲವೇ ತುಸು ತೆಳ್ಳಗಿನ ಉಣ್ಣೆ ನೂಲು. ಒಳಗೆ ಇಡಲು ನುಣುಪಾದ ಮರದ ಸೌಟಿನ ಬೆನ್ನು ಸಾಕು. ಅದರ ಮೇಲೆ ಬಟ್ಟೆಯನ್ನು ಬಿಗಿಯಾಗಿ ಎಳೆಯಬೇಡಿ, ಸುಮ್ಮನೆ ಹಾಸಿ. ಎಳೆದು ಹಿಡಿದು ರಫು ಮಾಡಿದರೆ ಸೌಟು ತೆಗೆದ ಮೇಲೆ ಆ ಜಾಗ ಜೋಲುತ್ತದೆ.

ನೂಲು ಅರ್ಧ ಮೀಟರ್‌ಗಿಂತ ಉದ್ದ ಬೇಡ, ಬಟ್ಟೆಯೊಳಗೆ ಮತ್ತೆ ಮತ್ತೆ ಎಳೆದಾಗ ಅದೇ ಸವೆಯುತ್ತದೆ. ಗಂಟು ಹಾಕಬೇಡಿ, ಐದು ಸೆಂಟಿಮೀಟರ್ ಬಾಲ ಬಿಡಿ. ಮೊದಲು ಹಾಸು, ಅಂದರೆ ಉದ್ದದ ಎಳೆಗಳು: ಕುಣಿಕೆಗಳ ಸಾಲಿನ ಗುಂಟ ಮೇಲಿಂದ ಕೆಳಕ್ಕೆ, ಪ್ರತಿ ಕುಣಿಕೆಯ ಅರ್ಧ ಎಳೆಯನ್ನಷ್ಟೇ ಎತ್ತುತ್ತಾ ಹೋಗಿ. ತೂತು ಬಂದಲ್ಲಿ ನೂಲನ್ನು ನೇರ ದಾಟಿಸಿ. ಅಂಚಿನಲ್ಲಿ ಬಾಯಿ ತೆರೆದು ನಿಂತ ಕುಣಿಕೆ ಒಂದನ್ನೂ ಬಿಡದೆ ಪೋಣಿಸಿಕೊಳ್ಳಿ. ಒಂದು ತಪ್ಪಿದರೂ ಅಲ್ಲಿಂದ ಕೆಳಗೆ ಬಿಚ್ಚಿಕೊಳ್ಳುತ್ತದೆ. ಎಳೆಗಳ ನಡುವೆ ಒಂದು ನೂಲಿನಷ್ಟು ಸಂದಿ ಇರಲಿ.

ಆಮೇಲೆ ಹೊಕ್ಕು, ಅಂದರೆ ಅಡ್ಡ ಎಳೆಗಳು. ಚಾಪೆ ಹೆಣೆದಂತೆ ಒಂದು ಎಳೆಯ ಮೇಲೆ, ಇನ್ನೊಂದರ ಕೆಳಗೆ. ಮುಂದಿನ ಸಾಲಿನಲ್ಲಿ ಅದಲುಬದಲು. ಪ್ರತಿ ಸಾಲನ್ನೂ ಸೂಜಿಯ ತುದಿಯಿಂದ ಹಿಂದಿನದಕ್ಕೆ ಒತ್ತಿ. ತಿರುಗುವಲ್ಲಿ ಎರಡು ಮಿಲಿಮೀಟರ್ ಸಡಿಲ ಬಿಡಿ. ಹೆಚ್ಚಿನವರು ಕೆಡಿಸುವುದು ಇಲ್ಲೇ: ಅಂದವಾಗಿ ಕಾಣಲೆಂದು ಎಳೆಯುತ್ತಾರೆ, ಒಗೆದಾಗ ನೂಲು ಕುಗ್ಗಿ ಸುಕ್ಕುಗಟ್ಟುತ್ತದೆ, ಆ ಸುಕ್ಕು ಹಿಮ್ಮಡಿಯಲ್ಲಿ ಬೊಬ್ಬೆ ಎಬ್ಬಿಸುತ್ತದೆ. ಮುಗಿದ ಮೇಲೆ ಬಾಲಗಳನ್ನು ಒಳಬದಿಯಲ್ಲಿ ನೇಯ್ದು, ಉಗುರುಬೆಚ್ಚಗಿನ ನೀರಲ್ಲಿ ಹತ್ತು ನಿಮಿಷ ನೆನೆಸಿ, ಟವೆಲ್ಲಿನಲ್ಲಿ ಒತ್ತಿ, ನೆರಳಿನಲ್ಲಿ ಹಾಸಿ ಒಣಗಿಸಿ. ಹಿಂಡಬೇಡಿ.

ಈಗ ದಾರ. ಇಲ್ಲಿನ ಅಂಗಡಿಗಳಲ್ಲಿ ‘ಉಲನ್’ ಎಂದು ಕೊಡುವುದು ಎಷ್ಟೋ ಸಲ ಅಕ್ರಿಲಿಕ್. ತುಣುಕನ್ನು ಚಿಮ್ಮಟದಲ್ಲಿ ಹಿಡಿದು ಬೆಂಕಿ ತಾಗಿಸಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಬೆರಳಲ್ಲಿ ಪುಡಿಯಾಗುವ ಬೂದಿ. ಅಕ್ರಿಲಿಕ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಆರುವ ಮುನ್ನ ಮುಟ್ಟಬೇಡಿ. ಹೊಲಿಗೆ ಯಂತ್ರದ ಪಾಲಿಯೆಸ್ಟರ್ ದಾರವಂತೂ ಬೇಡವೇ ಬೇಡ, ಅದು ಉಣ್ಣೆಯನ್ನು ಕೊಯ್ಯುತ್ತದೆ.

ಇನ್ನೊಂದು. ನಿಮ್ಮ ಹಿಮ್ಮಡಿ ಒಡೆದಿದೆಯೇ ನೋಡಿಕೊಳ್ಳಿ. ಒಡಕಿನ ಅಂಚು ಮರಳು ಕಾಗದದ ಕೆಲಸ ಮಾಡುತ್ತದೆ. ಚಪ್ಪಲಿಯಿಲ್ಲದೆ ಬರೀ ಸಾಕ್ಸ್‌ನಲ್ಲಿ ಸಿಮೆಂಟ್ ನೆಲದ ಮೇಲೆ ಓಡಾಡುವವರು ನನ್ನನ್ನು ಏನೂ ಕೇಳಬೇಡಿ.

ಪ್ರಶ್ನೆ: ಇಸ್ತ್ರಿ ಮಾಡಿ ಅಂಟಿಸುವ ತೇಪೆ ಹಾಕಬಹುದೇ?
ಉತ್ತರ: ಬೇಡ. ತೇಪೆ ಹಿಗ್ಗುವುದಿಲ್ಲ, ಅಂಚಿನಲ್ಲಿ ಹರಿಯುತ್ತದೆ. ಫೆವಿಕಾಲ್ ಬಗ್ಗೆ ಕೇಳಿದವರಿಗೂ ಇದೇ ಉತ್ತರ.

ಪ್ರಶ್ನೆ: ಅಪ್ಪನಿಗೆ ಸಕ್ಕರೆ ಕಾಯಿಲೆ, ಪಾದಕ್ಕೆ ಸ್ಪರ್ಶ ಕಡಿಮೆ. ರಫು ಮಾಡಿದ್ದು ಹಾಕಿಕೊಳ್ಳಬಹುದೇ?
ಉತ್ತರ: ಖಂಡಿತ ಬೇಡ. ಉಬ್ಬು ಒತ್ತಿ ಗಾಯವಾದರೂ ಅವರಿಗೆ ಗೊತ್ತಾಗುವುದಿಲ್ಲ. ಹೊಸದು ಕೊಡಿಸಿ.

ಪ್ರಶ್ನೆ: ಹೊಸ ಸಾಕ್ಸ್ ಉಪ್ಪು ನೀರಿನಲ್ಲಿ ನೆನೆಸಿದರೆ ಬಾಳಿಕೆ ಹೆಚ್ಚಂತೆ, ವಿಡಿಯೊದಲ್ಲಿ ನೋಡಿದೆ.
ಉತ್ತರ: ಉಪ್ಪನ್ನು ಉಪ್ಪಿನಕಾಯಿಗೆ ಇಟ್ಟುಕೊಳ್ಳಿ. ಇಂಥದೇ ಇನ್ನೊಬ್ಬರು ವಾಸನೆಗೆ ಬ್ಲೀಚ್ ಹಾಕಲು ಹೇಳುತ್ತಾರೆ. ಕ್ಲೋರಿನ್ ಬ್ಲೀಚ್‌ನಲ್ಲಿ ಉಣ್ಣೆ ಕರಗಿಯೇ ಹೋಗುತ್ತದೆ.

ಪ್ರಶ್ನೆ: ಬೆರಳಿನ ತುದಿ ಪೂರ್ತಿ ಹೋಗಿದೆ.
ಉತ್ತರ: ಅಷ್ಟಾದ ಮೇಲೆ ರಫು ದಂಡ. ಮೇಲಿನ ಪಟ್ಟಿಯಿಂದ ಹೆಣೆದು ತಂದ ಕಾಲುಚೀಲವಾದರೆ ಬೆರಳ ಭಾಗ ಕೊನೆಯ ಹೆಣಿಗೆ, ಗಟ್ಟಿ ಸಾಲು ಸಿಗುವವರೆಗೆ ಬಿಚ್ಚಿ ಹೊಸದಾಗಿ ಹೆಣೆಯಿರಿ. ಬೆರಳಿನಿಂದ ಶುರುಮಾಡಿದ್ದಾದರೆ ಹಾಗೆ ಬಿಚ್ಚದು. ಗಟ್ಟಿ ಸಾಲಿನಲ್ಲಿ ಒಂದು ಕುಣಿಕೆ ಕತ್ತರಿಸಿ, ಸಾಲಿನ ಎಳೆ ಬಿಡಿಸಿ, ತೆರೆದ ಕುಣಿಕೆಗಳನ್ನೆಲ್ಲ ಕಡ್ಡಿಗೆ ಏರಿಸಿಕೊಂಡು ಅಲ್ಲಿಂದ ಕೆಳಕ್ಕೆ ಹೆಣೆಯಬೇಕು.