ಫ್ಯಾಮಿಲಿ ಡಾಕ್ಟರುಗಳು ಹೆರಿಗೆ ಮಾಡಿಸುವುದನ್ನು ಯಾಕೆ ಬಿಡುತ್ತಾರೆ? ಕೆಲವರು ಯಾಕೆ ಬಿಡುವುದಿಲ್ಲ?

ರಾತ್ರಿ ನಿದ್ದೆ ಕೆಡುತ್ತದೆ ಅಂತ ಬಿಡುತ್ತಾರೆ ಎನ್ನುವುದು ಅರ್ಧ ಸತ್ಯ. ಚೊಚ್ಚಲ ಹೆರಿಗೆ 12 ಗಂಟೆ ದಾಟುವುದು ಮಾಮೂಲು; ಅಷ್ಟು ಹೊತ್ತು ಕ್ಲಿನಿಕ್ಕಿನ ರೋಗಿಗಳನ್ನು ನೋಡುವವರಾರು? ಸರದಿ ಹಂಚಿಕೊಳ್ಳಲು ಮೂರ್ನಾಲ್ಕು ಜನರಿದ್ದರೆ ನಿಭಾಯಿಸಬಹುದು. ಒಬ್ಬರೇ ಆದರೆ ಕೆಲವೇ ವರ್ಷಗಳಲ್ಲಿ ಸುಸ್ತು.

ನಿಜವಾದ ಪೆಟ್ಟು ಕೈಪಳಗಿಕೆ ತಪ್ಪುವುದರಿಂದ. ಮಗುವಿನ ತಲೆ ಹೊರಬಂದು ಭುಜ ಸಿಕ್ಕಿಕೊಂಡಿತು ಅನ್ನಿ, ಕೈಯಲ್ಲಿರುವುದು ನಾಲ್ಕೈದು ನಿಮಿಷ. ತಾಯಿಯ ತೊಡೆಗಳನ್ನು ಹೊಟ್ಟೆಯ ಕಡೆಗೆ ಚೆನ್ನಾಗಿ ಮಡಚಿಸಿ, ಕಿಬ್ಬೊಟ್ಟೆಯಲ್ಲಿ ಜಘನ ಮೂಳೆಯ ತುಸು ಮೇಲೆ ಒತ್ತಬೇಕು. ಗಾಬರಿಯಲ್ಲಿ ಗರ್ಭಕೋಶದ ಮೇಲ್ತುದಿ ಒತ್ತಿದರೆ ಭುಜ ಇನ್ನಷ್ಟು ಬಿಗಿಯುತ್ತದೆ. ವರ್ಷಕ್ಕೆ ಬೆರಳೆಣಿಕೆಯ ಹೆರಿಗೆ ಮಾಡಿಸುವವರಿಗೆ ಇಂಥದ್ದು ಎದುರಾಗುವುದೇ ಅಪರೂಪ. ಹೆರಿಗೆ ಕಡಿಮೆಯಾದಷ್ಟೂ ಅಳುಕು ಹೆಚ್ಚು, ಅಳುಕಿದಷ್ಟೂ ಬೇರೆಡೆ ಕಳಿಸುವುದು ಹೆಚ್ಚು. ಮೊಕದ್ದಮೆಯ ಭಯ, ವಿಮೆಯ ಖರ್ಚು ಇದರ ಮೇಲೆ ಬಂದು ಕೂರುತ್ತವೆ.

ಉಳಿದುಕೊಳ್ಳುವವರಿಗೆ ಸಾಮಾನ್ಯವಾಗಿ ಕರೆದ ತಕ್ಷಣ ಬರುವ ಸಿಸೇರಿಯನ್ ತಂಡ, ಅನುಭವಿ ನರ್ಸುಗಳು, ಆಗಾಗ ಗೊಂಬೆಯ ಮೇಲೆ ತುರ್ತು ಅಭ್ಯಾಸ ಇರುತ್ತದೆ. ಜೊತೆಗೆ ಒಂದು ಸೆಳೆತ: ಬಸಿರಿಯಾಗಿ ಬಂದವಳು ಆಮೇಲೆ ಅದೇ ಮಗುವನ್ನು ಲಸಿಕೆಗೆ ಎತ್ತಿಕೊಂಡು ಬರುತ್ತಾಳೆ. ತಜ್ಞರಿಗೆ ಈ ಭಾಗ್ಯ ಕಡಿಮೆ.